ಆಯಿಯ ಕೈಗೊಂದು ಮೊರ ಕೊಡಿ

‘ಅರವತ್ತಕ್ಕೆ ಅರಳು ಮರಳು’ ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ವಯಸ್ಸಾದವರು ಉಂಡದ್ದನ್ನು ಮರೆತು ಮತ್ತೆ ತಾಟು ಹಿಡಿದು ಕುಳಿತರೆ, ಮಗನನ್ನು ಎಂದೋ ತೀರಿಹೋದ ತಮ್ಮನ ಹೆಸರಿನಿಂದ ಕರೆದರೆ, ಸ್ವಂತ ಮನೆಯ ಪಡಸಾಲೆಯಲ್ಲೇ ಕುಳಿತು ‘ಮನಿಗೆ ಹೋಗೂನು ನಡೀರಿ’ ಅಂದರೆ, ನೋಡಿದವರು ಈ ಮಾತು ಹೇಳಿ ನಕ್ಕು ಮುಂದೆ ಹೋಗುತ್ತಾರೆ. ನಗುವವರಲ್ಲಿ ಕೆಟ್ಟತನವೇನೂ ಇಲ್ಲ. ವಯಸ್ಸಾದರೆ ಹೀಗಾಗುವುದು ಸಹಜ ಅನ್ನುವ ನಂಬಿಕೆ ಅಷ್ಟೇ.

ಆದರೆ ಎಲ್ಲ ಮುದುಕರಿಗೂ ಹೀಗಾಗುವುದಿಲ್ಲ. ತೊಂಬತ್ತರಲ್ಲೂ ಹೊಲದ ಬದುವಿನ ಲೆಕ್ಕ, ಬಡ್ಡಿಯ ಲೆಕ್ಕ ನೆಟ್ಟಗೆ ಹೇಳುವವರು ನಮ್ಮ ಓಣಿಗಳಲ್ಲೇ ಇದ್ದಾರೆ. ಮಿದುಳಿನ ಜೀವಕೋಶಗಳು ಹಾಳಾಗುತ್ತ ಹೋಗಿ ನೆನಪು, ಮಾತು, ದಾರಿ, ದಿನದ ಕೆಲಸ ಎಲ್ಲವೂ ಕೈತಪ್ಪುವ ಸ್ಥಿತಿಗೆ ವೈದ್ಯರು ಡಿಮೆನ್ಷಿಯಾ ಅನ್ನುತ್ತಾರೆ. ಇದಕ್ಕೆ ಕಾರಣಗಳು ಹಲವು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಅದನ್ನು ಮೊದಲು ವಿವರಿಸಿದ್ದರಿಂದ ಆ ಹೆಸರು. ಬಿಪಿ, ಸಕ್ಕರೆ ಕಾಯಿಲೆಯಿಂದ ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವುದು ಇನ್ನೊಂದು ಬಗೆ.

ಇದು ಪಟ್ಟಣದ ಕಾಯಿಲೆ, ಕುಳಿತು ಉಣ್ಣುವವರ ಕಾಯಿಲೆ ಅಂತ ತಿಳಿದವರೂ ಇದ್ದಾರೆ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಅಂತಲೂ ಅದೇ ಅಧ್ಯಯನ ಹೇಳುತ್ತದೆ. ಹಳ್ಳಿಯ ಮುದುಕಿಯರು ಅಂದರೆ ನಮ್ಮ ಮನೆಗಳ ಆಯಿಗಳೇ.

ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಗುಳಿಗೆಗಳು ಸ್ವಲ್ಪ ಕಾಲ ಸ್ವಲ್ಪ ಆಸರೆ ಕೊಡುತ್ತವೆ. ಹಾಗಾದರೆ ಉಳಿದ ವರ್ಷಗಳನ್ನು ಹೇಗೆ ಕಳೆಯುವುದು? ಬೆಳಿಗ್ಗೆಯಿಂದ ರಾತ್ರಿಯವರೆಗೆ ಆ ಜೀವ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ನಾವು ಕಂಡುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಗೂ ಉಪಯೋಗವಾದೀತು.

ಹೊತ್ತು ಇಳಿಯುವಾಗ

ಆಯಿ ಅಂದರೆ ನಮ್ಮ ಅಪ್ಪನ ತಾಯಿ. ಎಂಬತ್ತು ದಾಟಿದೆ. ಆಕೆ ಮದುವೆಯಾಗಿ ಬಳಗಾನೂರಿಗೆ ಬಂದಾಗ ಊರು ಸಿಂಧನೂರು ತಾಲೂಕಿನಲ್ಲಿತ್ತು. ಈಗ ಮಸ್ಕಿ ತಾಲೂಕಿಗೆ ಸೇರಿದೆ. ಆಯಿಯ ಲೆಕ್ಕದಲ್ಲಿ ಮಾತ್ರ ಇನ್ನೂ ಸಿಂಧನೂರೇ. ಹಾಗೆಯೇ ಆಕೆಯ ಹೊಲದಲ್ಲಿ ಇನ್ನೂ ಬಿಳಿಜೋಳ ತೆನೆ ಹಿಡಿದು ನಿಂತಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಹೊಲಗಳು ಜೋಳ, ಹತ್ತಿ ಬಿಟ್ಟು ಭತ್ತದ ಗದ್ದೆಗಳಾದವು. ನಮ್ಮದೂ ಆಯಿತು. ಆಯಿಯ ತಲೆಯೊಳಗೆ ಕಾಲುವೆ ಇನ್ನೂ ಬಂದಿಲ್ಲ.

ಬೆಳಿಗ್ಗೆ ಆಕೆ ಸಮಾಧಾನದಲ್ಲಿ ಇರುತ್ತಾಳೆ. ಚಹಾ ಕುಡಿಯುತ್ತಾಳೆ, ಬಿಸಿಲಿಗೆ ಕೂರುತ್ತಾಳೆ. ನಾಲ್ಕು ಗಂಟೆ ದಾಟಿ ಹೊತ್ತು ಇಳಿಯತೊಡಗಿದಂತೆ ತಳಮಳ ಶುರುವಾಗುತ್ತದೆ. ಸೆರಗು ಸಿಕ್ಕಿಸಿ ಎದ್ದು ನಿಲ್ಲುತ್ತಾಳೆ. ‘ಜ್ವಾಳಕ್ಕ ಹಕ್ಕಿ ಬಿದ್ದಾವು, ಕಾಯಾಕ ಹೋಗಬೇಕು’ ಅನ್ನುತ್ತಾಳೆ. ಬಾಗಿಲಿಗೆ ಅಡ್ಡ ನಿಂತರೆ ಬೈಗುಳ, ಕೈ ಹಿಡಿದರೆ ಅಳು. ಡಿಮೆನ್ಷಿಯಾ ಇರುವ ಅನೇಕರಲ್ಲಿ ಸಂಜೆಗೆ ಹೀಗೆ ಚಡಪಡಿಕೆ ಹೆಚ್ಚುತ್ತದೆ. ವೈದ್ಯರು ಇದನ್ನು ಸನ್‌ಡೌನಿಂಗ್ ಅನ್ನುತ್ತಾರೆ.

ನಗರದಲ್ಲಿ ಮುದುಕರು ಹೊರಬಿದ್ದರೆ ವಾಹನಗಳ ಭಯ. ನಮ್ಮಲ್ಲಿ ಕಾಲುವೆಯ ಭಯ. ನೀರು ಬಿಟ್ಟ ದಿನಗಳಲ್ಲಿ ಮಬ್ಬುಗತ್ತಲಲ್ಲಿ ಒಬ್ಬ ಮುದುಕಿ ಕಾಲುವೆಯ ದಂಡೆ ಹಿಡಿದು ಹೊರಟರೆ ಏನಾಗಬಹುದು ಅಂತ ಹೇಳಬೇಕಿಲ್ಲ. ಅದೇ ಹೊತ್ತಿಗೆ ಅವ್ವ ನಾಟಿಯಿಂದಲೋ ಕಳೆ ತೆಗೆಯುವುದರಿಂದಲೋ ಬಂದು ಒಲೆ ಹಚ್ಚುತ್ತಿರುತ್ತಾಳೆ. ದನ ಬಂದಿರುತ್ತವೆ, ನಲ್ಲಿಯ ನೀರು ಬಂದಿರುತ್ತದೆ. ಮನೆಯಲ್ಲಿ ಎಲ್ಲರ ಕೈಗೂ ಕೆಲಸ ಇರುವ ಹೊತ್ತು ಅದು. ಆಯಿಯ ಕೈಗೆ ಮಾತ್ರ ಇರಲಿಲ್ಲ.

ಹೊರಗಿನಿಂದ ಚಿಲಕ ಹಾಕಿ ಕೂಲಿಗೆ ಹೋಗುವ ಮನೆಗಳನ್ನು ನಾವು ಕಂಡಿದ್ದೇವೆ. ಅವರನ್ನು ಬೈಯುವುದು ಸುಲಭ. ನಾಟಿಯ ದಿನಗಳಲ್ಲಿ ಒಂದು ಕೂಲಿ ಬಿಟ್ಟರೆ ಆ ವಾರದ ಸಂತೆ ಬಿಟ್ಟಂತೆ ಅನ್ನುವುದು ಬೈಯುವವರಿಗೂ ಗೊತ್ತಿರುತ್ತದೆ.

ಒಂದು ಸಂಜೆ ಅವ್ವ ಗಿರಣಿಗೆ ಒಯ್ಯುವ ಜೋಳ ಹಸನು ಮಾಡಲು ಕುಳಿತಿದ್ದಳು. ಆಯಿ ಬಾಗಿಲ ಹತ್ತಿರ ಬಂದಳು. ಅವ್ವ ‘ಹೋಗಬ್ಯಾಡ’ ಅನ್ನಲಿಲ್ಲ. ‘ಅತ್ತೀ, ಈ ಜ್ವಾಳದಾಗ ಹಳ್ಳು ಭಾಳ ಅದಾವ. ನನಗ ಕಣ್ಣು ಸರಿ ಕಾಣವಲ್ದು. ಸ್ವಲ್ಪ ನೋಡಿ ಕೊಡ್ರಿ’ ಅಂದಳು. ಆಯಿ ಒಂದು ಗಳಿಗೆ ನಿಂತಳು. ಸೆರಗು ಬಿಟ್ಟು ಕುಳಿತಳು. ಮೊರ ಕೈಗೆ ಬಂದಿದ್ದೇ ತಡ, ಎರಡು ಸಲ ಕೇರಿ, ಹೊಟ್ಟು ಮುಂದಕ್ಕೆ ಹಾರಿಸಿ, ಹಳ್ಳನ್ನು ಒಂದು ಮೂಲೆಗೆ ತಂದಳು. ನಮ್ಮ ಹೆಸರು ಗೊತ್ತಿಲ್ಲದ ಆಯಿಗೆ ಮೊರದ ಹದ ಗೊತ್ತಿತ್ತು. ಹೊರಗೆ ಕತ್ತಲಾಯಿತು. ಹಕ್ಕಿಯ ಮಾತು ಬರಲಿಲ್ಲ.

ತಲೆ ಮರೆತದ್ದು, ಕೈ ಮರೆಯದ್ದು

ಇದು ಪವಾಡವೇನಲ್ಲ. ಮಿದುಳಿನಲ್ಲಿ ನೆನಪುಗಳು ಒಂದೇ ಕಡೆ ಕೂಡಿಟ್ಟಿರುವುದಿಲ್ಲ. ನಿನ್ನೆ ಏನು ಉಂಡೆ, ಈಗ ಬಂದು ಹೋದವರು ಯಾರು ಅನ್ನುವಂಥ ಹೊಸ ನೆನಪನ್ನು ಕಟ್ಟಿಡಲು ಹಿಪೊಕ್ಯಾಂಪಸ್ ಅನ್ನುವ ಭಾಗ ಬೇಕು. ಆಲ್ಝೈಮರ್‌ನಲ್ಲಿ ಆ ಭಾಗ ಬೇಗ ಪೆಟ್ಟು ತಿನ್ನುತ್ತದೆ. ರೊಟ್ಟಿ ಬಡಿಯುವುದು, ಸೈಕಲ್ ತುಳಿಯುವುದು, ಹಗ್ಗ ಹೊಸೆಯುವುದು ಇಂಥ ಕೈಯ ರೂಢಿಗಳು ಮಿದುಳಿನ ಬೇರೆ ಭಾಗಗಳಲ್ಲಿ ಕುಳಿತಿರುತ್ತವೆ. ಅವು ತುಂಬ ದಿನ ಉಳಿಯುತ್ತವೆ. ಎಳೆಯ ವಯಸ್ಸಿನಲ್ಲಿ ಕಲಿತ ಹಾಡುಗಳೂ ಹಾಗೆಯೇ.

ಹೀಗೆ ಉಳಿದಿರುವುದನ್ನು ಹಿಡಿದೇ ಹೊರಗಿನ ದೇಶಗಳಲ್ಲಿ ಚಟುವಟಿಕೆಗಳನ್ನು ರೂಪಿಸಿದ್ದಾರೆ. ಇಂಗ್ಲೆಂಡಿನ ಸಂಶೋಧಕರು ರೂಪಿಸಿದ ಒಂದು ಪದ್ಧತಿಯಲ್ಲಿ ಡಿಮೆನ್ಷಿಯಾ ಇರುವ ಕೆಲವರನ್ನು ಗುಂಪಾಗಿ ಕೂರಿಸಿ, ವಾರಕ್ಕೆ ಎರಡು ಸಲದಂತೆ 7 ವಾರ, ಒಟ್ಟು 14 ಸಲ, ಬಾಲ್ಯ, ಊಟ, ಸದ್ದು, ದುಡ್ಡು ಹೀಗೆ ಒಂದೊಂದು ದಿನ ಒಂದೊಂದು ವಿಷಯದ ಮೇಲೆ ಮಾತು, ಆಟ ನಡೆಸುತ್ತಾರೆ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಇದನ್ನು ತಮಿಳಿಗೆ ಹೊಂದಿಸಿಕೊಂಡಿದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥವರಿಗಾಗಿಯೇ ಹಗಲು ಆರೈಕೆ ಕೇಂದ್ರ ನಡೆಸುತ್ತದೆ.

ಬೆಂಗಳೂರು ನಮಗೆ ಒಂದು ರಾತ್ರಿಯ ಬಸ್ಸಿನ ದಾರಿ. ಆದರೆ ಅಲ್ಲಿ ಮಣಿ ಪೋಣಿಸುವುದು, ಬಣ್ಣದ ಬಟ್ಟೆ ಬೇರೆ ಮಾಡುವುದು, ಮಡಚಿಡುವುದು ಅಂತ ಕಲಿಸುವ ಚಟುವಟಿಕೆಗಳಿಗೆ ಬೇಕಾದ ಸಾಮಾನು ಹಳ್ಳಿಮನೆಯಲ್ಲಿ ದುಡ್ಡು ಕೊಡದೆ ಸಿಗುತ್ತದೆ. ಮೊರ, ಬುಟ್ಟಿ, ನಾರು, ಹತ್ತಿ, ಹಳೆ ಸೀರೆ, ಕವಡೆ ಎಲ್ಲವೂ ಮನೆಯಲ್ಲೇ ಇವೆ.

‘ಮುದುಕಿಗೆ ಕೆಲಸ ಹಚ್ಚೀರೇನು?’

ಅಡ್ಡಿ ಬರುವುದು ಬೇರೆ ಕಡೆಯಿಂದ. ಆಯಿ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತದ್ದನ್ನು ಕಂಡು ದೂರದ ಬಳಗದವರೊಬ್ಬರು ಅವ್ವನಿಗೆ ‘ಈ ವಯಸ್ಸಿನಾಗೂ ಮುದುಕಿಗೆ ಕೆಲಸ ಹಚ್ಚೀರೇನು?’ ಅಂದರು. ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾ ತಂದಳು.

ನಮ್ಮ ಸೀಮೆಯಲ್ಲಿ ಹಿರಿಯರಿಗೆ ಮರ್ಯಾದೆ ಕೊಡುವುದು ಅಂದರೆ ‘ನೀ ಸುಮ್ನ ಕುಂದ್ರಬೇ, ನಾವ್ ಮಾಡ್ತೀವಿ’ ಅನ್ನುವುದು. ಅರವತ್ತು ವರ್ಷ ದುಡಿದ ಜೀವಕ್ಕೆ ಇದು ಒಳ್ಳೆಯ ಮಾತೇ. ಬುದ್ಧಿ ನೆಟ್ಟಗಿದ್ದವರು ಕಟ್ಟೆಗೆ ಹೋಗುತ್ತಾರೆ, ಗುಡಿಗೆ ಹೋಗುತ್ತಾರೆ, ಟಿವಿ ನೋಡುತ್ತಾರೆ. ಡಿಮೆನ್ಷಿಯಾ ಇರುವ ಅನೇಕರಲ್ಲಿ ತಾವಾಗಿಯೇ ಒಂದು ಕೆಲಸ ಶುರು ಮಾಡುವ ಶಕ್ತಿಯೇ ಕುಂದುತ್ತದೆ. ಅವರಿಗೆ ಸುಮ್ಮನೆ ಕುಳಿತುಕೊಳ್ಳುವುದು ವಿಶ್ರಾಂತಿ ಆಗುವುದಿಲ್ಲ. ಬರಿದಾದ ಹೊತ್ತಿನಲ್ಲಿ ಭಯ ಬಂದು ಕೂರುತ್ತದೆ. ಸೆರಗಿನ ಅಂಚು ಹರಿಯುವುದು, ಒಂದೇ ಪ್ರಶ್ನೆ ಹತ್ತು ಸಲ ಕೇಳುವುದು, ಬಾಗಿಲು ಬಡಿಯುವುದು ಇವೆಲ್ಲ ಕೆಲಸ ಹುಡುಕುತ್ತಿರುವ ಕೈಗಳ ಲಕ್ಷಣವೂ ಆಗಿರಬಹುದು.

ದುಡಿಸಿಕೊಳ್ಳುವುದಕ್ಕೂ ಕೈಗೆ ಕೆಲಸ ಕೊಡುವುದಕ್ಕೂ ವ್ಯತ್ಯಾಸ ಇದೆ. ದುಡಿಸಿಕೊಳ್ಳುವಾಗ ಲೆಕ್ಕ ಇರುತ್ತದೆ. ಇಲ್ಲಿ ಲೆಕ್ಕವಿಲ್ಲ. ಆಯಿಗೆ ಬೇಸರವಾದ ಕೂಡಲೇ ನಿಲ್ಲುತ್ತದೆ. ಅರ್ಧ ಸೇರು ಹಸನಾದರೂ ಸರಿ, ಹಸನಾದ ಜೋಳಕ್ಕೆ ಮತ್ತೆ ಹಳ್ಳು ಬೆರೆತರೂ ಸರಿ. ಅವ್ವ ರಾತ್ರಿ ಮತ್ತೊಮ್ಮೆ ನೋಡಿಕೊಳ್ಳುತ್ತಾಳೆ, ಆಯಿಯ ಕಣ್ಣಿಗೆ ಬೀಳದಂತೆ. ಆದರೆ ಕೆಲಸ ಮಾತ್ರ ನಿಜವಾದದ್ದೇ ಆಗಿರಬೇಕು. ಮಕ್ಕಳ ಪ್ಲಾಸ್ಟಿಕ್ ಆಟಿಕೆಯನ್ನು ಆಯಿಯ ಮುಂದೆ ಇಟ್ಟಾಗ ಆಕೆ ಅದನ್ನು ಎತ್ತಿ ಮೊಮ್ಮಗನ ಕೈಗೆ ಕೊಟ್ಟಳು. ಮರೆವು ಬಂದಿದೆ ನಿಜ. ಅದರಿಂದ ಆಕೆ ಕೂಸು ಆಗಿಲ್ಲ.

ನಮ್ಮ ಮನೆಗಳಲ್ಲೇ ಸಿಗುವ ಕೆಲಸಗಳು

ಯಾರಿಗೆ ಯಾವ ಕೆಲಸ ಅನ್ನುವುದು ಅವರು ಬದುಕಿದ ರೀತಿಯ ಮೇಲೆ ಹೋಗುತ್ತದೆ. ನಮ್ಮಲ್ಲಿ, ನಮ್ಮ ಓಣಿಯ ಮನೆಗಳಲ್ಲಿ ಹೊಂದಿಕೊಂಡ ಕೆಲವು ಇಲ್ಲಿವೆ.

ಹಸನು ಮಾಡುವುದು, ಸೋಸುವುದು: ಜೋಳ, ತೊಗರಿ, ಶೇಂಗಾ. ಪುಂಡಿ ಪಲ್ಯೆ, ಮೆಂತ್ಯ ಪಲ್ಯೆಯ ಎಲೆ ಬಿಡಿಸುವುದು. ಎಲೆಯ ವಾಸನೆ ಮೂಗಿಗೆ ಬಡಿದರೆ ಮಾತು ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ: ಕಾಯಿಲೆ ಬಲಿತವರು ಕೈಗೆ ಬಂದದ್ದನ್ನು ಬಾಯಿಗೆ ಹಾಕುತ್ತಾರೆ. ಅಂಥವರಿಗೆ ಕಾಳು ಬೇಡ, ಸೊಪ್ಪು ಸಾಕು.

ಹತ್ತಿ: ಅರಳೆಯಿಂದ ಕಾಳು ಬಿಡಿಸಿ ದೀಪದ ಬತ್ತಿ ಹೊಸೆಯುವುದು. ಮೆತ್ತಗಿನ ವಸ್ತು, ಚುಚ್ಚುವುದಿಲ್ಲ, ಒಡೆಯುವುದಿಲ್ಲ. ಕೈ ನಡುಗುವವರೂ ಮಾಡಬಹುದು. ಆ ಬತ್ತಿ ಆ ಸಂಜೆಯೇ ದೇವರ ಮುಂದೆ ಉರಿದರೆ ಆಯಿಯ ಮುಖ ನೋಡಬೇಕು.

ಕೌದಿ: ಹಳೆ ಸೀರೆ, ಅಂಗಿಯ ತುಂಡುಗಳನ್ನು ಬಣ್ಣ ನೋಡಿ ಜೋಡಿಸುವುದು, ಮಡಚುವುದು, ಸವರುವುದು. ಸೂಜಿ ಹಿಡಿಯಬಲ್ಲವರಿಗೆ ಪಕ್ಕದಲ್ಲಿ ಒಬ್ಬರು ಕುಳಿತು ದಾರ ಪೋಣಿಸಿ ಕೊಡಬೇಕು. ಹಿಡಿಯಲಾರದವರಿಗೆ ತುಂಡು ಜೋಡಿಸುವುದೇ ಕೆಲಸ. ‘ಇದು ಯಾರ ಸೀರಿ’ ಅಂತ ಪರೀಕ್ಷೆ ಮಾಡಬೇಡಿ. ‘ಇದು ಚೆಂದ ಐತಿ’ ಅನ್ನಿ, ಸಾಕು.

ರೊಟ್ಟಿ: ಹಿಟ್ಟು ನಾದುವುದು, ಬಡಿಯುವುದು. ಒಲೆಯ ಹತ್ತಿರ ಬೇಡ. ಅವ್ವ ಒಂದು ಮುಷ್ಟಿ ಹಿಟ್ಟನ್ನು ಬೇರೆ ಕೊಣಮಿಗೆಯಲ್ಲಿ ಕೊಡುತ್ತಾಳೆ. ಆಯಿ ಬಡಿದ ರೊಟ್ಟಿಯ ಅಂಚು ಹರಿದಿರುತ್ತದೆ. ಬೇಯಿಸಿ ತಿನ್ನುತ್ತೇವೆ.

ಹಗ್ಗ: ಗಂಡಸರಿಗೆ ಇದಕ್ಕಿಂತ ಒಳ್ಳೆಯದು ನಾವು ಕಂಡಿಲ್ಲ. ನಮ್ಮ ಓಣಿಯ ಒಬ್ಬ ತಾತ ಎತ್ತಿನ ಬಂಡಿ ಹೊಡೆದು ಬದುಕಿದವರು. ಈಗ ಎತ್ತೂ ಇಲ್ಲ, ಬಂಡಿಯೂ ಇಲ್ಲ, ಅವರಿಗೆ ಮಾತೂ ಕಮ್ಮಿ. ಪುಂಡಿ ನಾರು ಕೈಗೆ ಕೊಟ್ಟರೆ ತೊಡೆಯ ಮೇಲೆ ಹೊಸೆದು ಕಣ್ಣಿ ಮಾಡುತ್ತಾರೆ. ಮೊಮ್ಮಗ ರಾತ್ರಿ ಅದನ್ನು ಬಿಚ್ಚಿ ನಾರು ಮಾಡಿ ಇಡುತ್ತಿದ್ದ. ಈಗ ಬಿಚ್ಚುವುದಿಲ್ಲ, ಎಮ್ಮೆಗೆ ಕಟ್ಟುತ್ತಾನೆ.

ಮಣ್ಣು: ಕಾರಹುಣ್ಣಿಮೆಯಾದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎರೆಮಣ್ಣು ತಂದು ನಾದಿ ಕೊಟ್ಟರೆ ಮಾತು ಪೂರ್ತಿ ಹೋದವರ ಬೆರಳುಗಳೂ ಕೊಂಬು, ಡುಬ್ಬ ತಿದ್ದುತ್ತವೆ. ಹಬ್ಬಗಳು ಡಿಮೆನ್ಷಿಯಾದವರಿಗೆ ಕ್ಯಾಲೆಂಡರ್ ಇದ್ದ ಹಾಗೆ. ತಾರೀಖು ಹೇಳಿದರೆ ತಿಳಿಯುವುದಿಲ್ಲ. ಎಳ್ಳಮಾವಾಸ್ಯೆಯ ಸಜ್ಜೆ ಕಡುಬಿನ ವಾಸನೆ ತಿಳಿಯುತ್ತದೆ.

ಆಟ: ಕವಡೆ, ಹುಣಸೆ ಬೀಜ, ಕಲ್ಲು. ಕಟ್ಟೆಯ ಮೇಲೆ ಗೀಚಿದ ಹುಲಿಮನೆ. ನಿಯಮ ತಪ್ಪಿದರೆ ತಿದ್ದಬೇಡಿ. ಕವಡೆ ಚೆಲ್ಲುವ ಸದ್ದೇ ಅರ್ಧ ಆಟ.

ಲೆಕ್ಕ: ಕಿರಾಣಿ ಅಂಗಡಿ ನಡೆಸಿದವರಿಗೆ ಚಿಲ್ಲರೆ ನಾಣ್ಯ ಬೇರೆ ಮಾಡಿ ಸಾಲು ಇಡುವುದು. ಮಾಸ್ತರರಾಗಿದ್ದವರಿಗೆ ಹಾಜರಿ ಪುಸ್ತಕ, ಹಲಗೆ, ಸೀಮೆಸುಣ್ಣ. ಹೊಲಿಗೆ ಯಂತ್ರ ತುಳಿದವರಿಗೆ ಗುಂಡಿಗಳ ಡಬ್ಬಿ.

ಇವಕ್ಕೆಲ್ಲ ಒಂದೇ ಸೂತ್ರ. ಕೆಲಸವನ್ನು ಪೂರ್ತಿ ವಿವರಿಸಬೇಡಿ. ಎದುರು ಕುಳಿತು ನೀವು ಶುರು ಮಾಡಿ, ಅವರ ಕೈಗೆ ಕೊಡಿ. ಒಂದು ಸಲಕ್ಕೆ ಒಂದೇ ಹೆಜ್ಜೆ. ಹದಿನೈದು ಇಪ್ಪತ್ತು ನಿಮಿಷ ಆದರೂ ಸಾಕು. ಟಿವಿ ಬಂದ್ ಮಾಡಿ. ಬೆಳಕು ಚೆನ್ನಾಗಿರಲಿ. ಮುಗಿದ ಮೇಲೆ ‘ನೀ ಇದ್ದದ್ದಕ್ಕ ಆತು ನೋಡು’ ಅನ್ನಿ. ಅಷ್ಟು ಮಾತಿಗೆ ದುಡ್ಡು ಬೀಳುವುದಿಲ್ಲ.

ಹಾಡು, ಮತ್ತು ಎಳವೆಯ ಮಾತು

ಬೀಸುಕಲ್ಲು ನಮ್ಮ ಮನೆಯ ಮೂಲೆ ಸೇರಿ ಬಹಳ ವರ್ಷವಾಯಿತು. ಅದರ ಗೂಟವನ್ನು ಹಿಡಿಸಿದರೆ ಆಯಿ ಬೀಸುವ ಪದ ಎತ್ತುತ್ತಾಳೆ. ದಿನವೆಲ್ಲ ಎರಡು ಮಾತನ್ನು ಕೂಡಿಸಲಾಗದೆ ತಡವರಿಸುವ ಬಾಯಿಂದ ನುಡಿಯ ಮೇಲೆ ನುಡಿ ಬರುತ್ತದೆ. ನಡುವೆ ನಿಂತರೆ ನಾವು ಒಂದು ಪದ ಎತ್ತಿಕೊಡುತ್ತೇವೆ, ಮತ್ತೆ ಹೊರಡುತ್ತದೆ. ಸೋಬಾನೆ, ಹಂತಿ ಪದ, ಭಜನೆ, ತತ್ವಪದ, ಮೊಹರಂನ ಅಲಾಯಿ ಹಾಡು, ಯಾರಿಗೆ ಯಾವುದು ರೂಢಿಯೋ ಅದು. ಮೊಬೈಲಿನಲ್ಲಿ ಹಾಡು ಹಚ್ಚಿ ಮುಂದೆ ಇಡುವುದಕ್ಕಿಂತ ಪಕ್ಕದಲ್ಲಿ ಕುಳಿತು ತಪ್ಪು ತಪ್ಪಾಗಿ ನಾವೇ ಹಾಡಿದರೆ ಅವರು ಬೇಗ ಕೂಡಿಕೊಳ್ಳುತ್ತಾರೆ.

ಸಿಂಧನೂರು ಸೀಮೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿ ಕ್ಯಾಂಪುಗಳಲ್ಲಿ ತೆಲುಗು ಮನೆಮಾತಿನವರಿದ್ದಾರೆ, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ಸಿಂಧನೂರಿನ ಹತ್ತಿರದ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಗಳಿದ್ದಾರೆ. ಎರಡು ಮೂರು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಐವತ್ತು ವರ್ಷ ಕನ್ನಡ ಆಡಿದ ಅಜ್ಜಿ ಒಮ್ಮೆಲೆ ಉತ್ತರ ಕೊಡುವುದನ್ನು ನಿಲ್ಲಿಸಿದರೆ ಮಾತೇ ಹೋಯಿತು ಅಂದುಕೊಳ್ಳಬೇಡಿ. ಆಕೆಯ ತವರಿನ ಮಾತಿನಲ್ಲಿ ಒಮ್ಮೆ ಕರೆದು ನೋಡಿ.

‘ನಾ ಯಾರು ಹೇಳು ನೋಡೂನು?’

ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಇದು ದಿನಕ್ಕೆ ಹತ್ತು ಸಲ ನಾಪಾಸಾಗುವ ಪರೀಕ್ಷೆ. ಉತ್ತರ ಬಾರದಿದ್ದಾಗ ಆಯಿಯ ಕಣ್ಣಲ್ಲಿ ಬರುವ ನಾಚಿಕೆಯನ್ನು ನಾವು ಬಲ್ಲೆವು. ಅದರ ಬದಲು ‘ಆಯೀ, ನಾನು ನಿನ್ನ ಮೊಮ್ಮಗ, ಸಂತಿಯಿಂದ ಬಂದೀನಿ’ ಅಂತ ಹೇಳಿಕೊಂಡೇ ಒಳಗೆ ಬರುವುದು ಒಳ್ಳೆಯದು.

ಎಂದೋ ತೀರಿಹೋದವರನ್ನು ಕೇಳಿದರೆ ‘ಅವರು ಸತ್ತು ಇಪ್ಪತ್ತು ವರ್ಷ ಆತು’ ಅಂತ ತಿದ್ದುವುದೂ ಹಾಗೆಯೇ. ಕೇಳಿದಾಗಲೆಲ್ಲ ಆ ಸಾವು ಆಕೆಗೆ ಹೊಸದು. ಅದಕ್ಕೆ ನಾವು ಅವರ ಬಗ್ಗೆಯೇ ಮಾತು ತೆಗೆಯುತ್ತೇವೆ. ‘ಅವರಿಗೆ ಯಾವ ಪಲ್ಯೆ ಸೇರತಿತ್ತು?’ ಅಂದರೆ ಅಡುಗೆಯ ಕಡೆಗೆ ಹೊರಳುತ್ತಾಳೆ. ಕೈಗೆ ಪಲ್ಯೆ ಬರುತ್ತದೆ.

2016ರಲ್ಲಿ ಬಂದ ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದಲ್ಲಿ ಆಲ್ಝೈಮರ್ ಇರುವ ವೆಂಕೋಬ ರಾವ್ ಪಾತ್ರವನ್ನು ಅನಂತ್ ನಾಗ್ ಮಾಡಿದ್ದಾರೆ. ಕಾಯಿಲೆಯ ಹೆಸರನ್ನು ಕನ್ನಡದ ಅನೇಕ ಮನೆಗಳಿಗೆ ಮುಟ್ಟಿಸಿದ ಸಿನಿಮಾ ಅದು. ಅಲ್ಲಿ ಬೆಂಗಳೂರಿನಲ್ಲಿ ಕಳೆದುಹೋದ ತಂದೆಯನ್ನು ಮಗ ಹುಡುಕುತ್ತಾನೆ. ನಮ್ಮಂಥ ಊರಲ್ಲಿ ಕಳೆದುಹೋಗದಂತೆ ಕಾಯಲು ಇಡೀ ಓಣಿಯೇ ಇದೆ. ಆಯಿ ಹೊರಬಿದ್ದರೆ ತಡೆದು ‘ಬಾಬೇ, ಒಂದ್ ಗುಟುಕು ಚಹಾ ಕುಡಿದು ಹೋಗು’ ಅನ್ನಬೇಕು ಅಂತ ಕಾಲುವೆಯ ದಾರಿಯ ನಾಲ್ಕು ಮನೆಗಳಿಗೆ ಹೇಳಿಟ್ಟಿದ್ದೇವೆ. ಆಕೆಯ ಸೆರಗಿನ ಒಳಗಡೆ ನಮ್ಮ ಫೋನ್ ನಂಬರ್ ಇರುವ ಬಟ್ಟೆಯ ತುಂಡು ಹೊಲಿದಿದೆ.

ಎಲ್ಲ ದಿನವೂ ಒಂದೇ ಅಲ್ಲ

ಮೊರ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೊರವನ್ನು ಅಂಗಳಕ್ಕೆ ಎಸೆದ ದಿನಗಳಿವೆ. ಅವ್ವನನ್ನೇ ‘ನೀ ಯಾರಾಕಿ, ನನ್ನ ಮನ್ಯಾಗ ಯಾಕ ಬಂದೀ’ ಅಂತ ಕೇಳಿದ ದಿನಗಳಿವೆ. ಕೈಕೆಲಸದಿಂದ ಕಾಯಿಲೆ ನಿಲ್ಲುವುದಿಲ್ಲ. ಹೋದ ವರ್ಷ ಆಯಿ ಕೌದಿಗೆ ಸೂಜಿ ಹಾಕುತ್ತಿದ್ದಳು. ಈ ವರ್ಷ ತುಂಡು ಜೋಡಿಸುತ್ತಾಳೆ. ಮುಂದಿನ ವರ್ಷ ಸವರಬಹುದು, ಅಷ್ಟೇ. ಕೆಲಸವೂ ಆಕೆಯ ಜೊತೆ ಸಣ್ಣದಾಗುತ್ತ ಹೋಗಬೇಕು. ಹಾಸಿಗೆ ಹಿಡಿದವರಿಗೂ ಕೈಗೆ ಎಣ್ಣೆ ಹಚ್ಚಿ ತಿಕ್ಕುವುದು, ತಲೆ ಬಾಚುವುದು, ಕೌದಿಯ ತುಂಡನ್ನು ಹಿಡಿಸುವುದು, ಕಿವಿಯ ಹತ್ತಿರ ಹಾಡುವುದು ಉಳಿದೇ ಇರುತ್ತದೆ.

ಕೈಕೆಲಸ ವೈದ್ಯರ ಬದಲಿಯೂ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಅದಕ್ಕೇ ಮೊದಲು ತೋರಿಸಲೇಬೇಕು. ನಿನ್ನೆ ಚೆನ್ನಾಗಿದ್ದವರು ಇಂದು ಒಮ್ಮೆಲೆ ಗೊಂದಲಕ್ಕೆ ಬಿದ್ದರೆ ಅದು ಜ್ವರ, ಮೂತ್ರದ ಸೋಂಕು, ಪಾರ್ಶ್ವವಾಯು ಇರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿನ ಪೊರೆ, ಕಿವಿ ಕೇಳದಿರುವುದನ್ನೂ ನೋಡಿಸಿ. ಮೊರದಲ್ಲಿ ಹಳ್ಳು ಕಾಣದೆ ಸಿಟ್ಟಾಗುವವರಿಗೆ ಬೇಕಿರುವುದು ಕಣ್ಣಿನ ಆಪರೇಷನ್ ಇರಬಹುದು.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದರ ಕ್ಲಿನಿಕ್‌ಗಳನ್ನು ತೆರೆಯುತ್ತ ಬಂದಿದೆ. ನಮ್ಮವರಿಗೆ ರಾಯಚೂರಿನ ರಿಮ್ಸ್ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ. ಮನೆಯಿಂದಲೇ ಮಾತಾಡಲು ಟೆಲಿ ಮನಸ್ ಸಹಾಯವಾಣಿ 14416 ಇದೆ. ಹಿರಿಯರ ಸಹಾಯವಾಣಿ 14567. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರುಗಳು ಕಾಯಿಲೆಯವರಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಹೌದು.

ನೋಡಿಕೊಳ್ಳುವವರು ಅಂದರೆ ಬಹುತೇಕ ಮನೆಗಳಲ್ಲಿ ಒಬ್ಬ ಸೊಸೆ, ಇಲ್ಲವೇ ಒಬ್ಬ ಮಗಳು. ಅವ್ವ ರಾತ್ರಿ ಮೂರು ಸಲ ಏಳುತ್ತಾಳೆ, ಬೆಳಿಗ್ಗೆ ಹೊಲಕ್ಕೆ ಹೋಗುತ್ತಾಳೆ. ಆಯಿಯ ಜೊತೆ ಕೂರುವುದು ಅವ್ವನ ಇನ್ನೊಂದು ಕೆಲಸ ಆಗಿಬಿಟ್ಟರೆ ಈ ಬರಹಕ್ಕೆ ಅರ್ಥವೇ ಇಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಸಂಜೆಯ ಪಾಳಿ ಇದೆ. ಸೋಮವಾರ, ಗುರುವಾರ ಅಪ್ಪ. ಅವನು ಹಾಡಲಾರ, ಕವಡೆ ಆಡುತ್ತಾನೆ. ಉಳಿದ ದಿನ ನಾವು ಹುಡುಗರು. ಶಾಲೆ ಬಿಟ್ಟು ಬರುವ ಪಕ್ಕದ ಮನೆಯ ಹುಡುಗಿ ಶೇಂಗಾ ತಿನ್ನುವ ಆಸೆಗೆ ಬಂದು ಕೂರುತ್ತಾಳೆ. ಆಯಿ ಸುಲಿಯುತ್ತಾಳೆ, ಆಕೆ ತಿನ್ನುತ್ತಾಳೆ, ಇಬ್ಬರಿಗೂ ಹೊತ್ತು ಹೋಗುತ್ತದೆ. ಆ ಒಂದು ಗಂಟೆ ಅವ್ವ ಏನು ಮಾಡುತ್ತಾಳೆ ಅಂತ ನಾವು ಕೇಳುವುದಿಲ್ಲ. ಒಮ್ಮೊಮ್ಮೆ ಮಲಗಿರುತ್ತಾಳೆ.

ಈಗಲೇ ಬರೆದಿಡಿ

ನಿಮ್ಮ ಮನೆಯ ಹಿರಿಯರು ಇಂದು ಗಟ್ಟಿಯಾಗಿದ್ದರೆ, ಇನ್ನೂ ಒಳ್ಳೆಯದು. ಒಂದು ನೋಟ್‌ಬುಕ್ ತೆಗೆದುಕೊಂಡು ಕುಳಿತುಕೊಳ್ಳಿ. ಯಾವ ಹಾಡು ಬರುತ್ತದೆ? ಫೋನಿನಲ್ಲಿ ಹಿಡಿದಿಡಿ. ಎಳವೆಯಲ್ಲಿ ಏನು ಆಡುತ್ತಿದ್ದರು? ತವರೂರಿನ ಬಾವಿ ಎಲ್ಲಿತ್ತು? ಎತ್ತುಗಳ ಹೆಸರೇನು? ಕೈಯಿಂದ ಯಾವ ಕೆಲಸ ಎಲ್ಲರಿಗಿಂತ ಚೆಂದ ಮಾಡುತ್ತಿದ್ದರು? ಯಾವುದಕ್ಕೆ ಹೆದರುತ್ತಾರೆ? ಎಪ್ಪತ್ತೆರಡರ ಬರ, ಅದಕ್ಕೂ ಹಿಂದಿನ ರಜಾಕಾರರ ಹಾವಳಿ, ನಮ್ಮ ಭಾಗದ ಹಿರಿಯರ ಮನಸ್ಸಿನಲ್ಲಿ ಇಂಥ ಭಯಗಳೂ ಕುಳಿತಿವೆ. ಮರೆವು ಬಂದ ಮೇಲೆ ಅವು ಮೇಲೆ ಬಂದರೆ ಯಾಕೆ ಹೆದರುತ್ತಿದ್ದಾರೆ ಅಂತ ತಿಳಿದಿರಬೇಕು.

ಹತ್ತು ವರ್ಷದ ನಂತರ ಈ ಪುಟಗಳು ಬೇಕಾಗದೇ ಇರಬಹುದು. ಬೇಕಾಗದಿದ್ದರೆ ಒಂದು ಮನೆತನದ ಕಥೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಬೇಕಾದರೆ, ಯಾವ ಸಂಜೆ ಯಾರ ಕೈಗೆ ಏನು ಕೊಡಬೇಕು ಅನ್ನುವುದು ಅದರಲ್ಲಿ ಬರೆದಿರುತ್ತದೆ.